ಕಾಲು ಗಂಟೆ ಮುಂದಿದ್ದ ಲ್ಯಾಪ್‌ಟಾಪ್

ಗಡಿಯಾರ ತಪ್ಪು ತೋರಿಸುತ್ತಿದೆ ಎಂದು ಗಿರಾಕಿ ಲ್ಯಾಪ್‌ಟಾಪ್ ತಂದರೆ ಮೊದಲು ಸ್ಕ್ರೂಡ್ರೈವರ್ ಮುಟ್ಟಬೇಡಿ. ತಂದವರ ಮುಖ ನೋಡಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಹಿಂದಿದೆಯೋ, ಮುಂದಿದೆಯೋ? ಹಿಂದಿದ್ದರೆ ಬಹುಮಟ್ಟಿಗೆ ಒಳಗಿನ ಗಡಿಯಾರ ನಡೆಸುವ ಸೆಲ್ಲಿನ ಕೆಲಸ. ಗಂಟೆಗಟ್ಟಲೆ ವ್ಯತ್ಯಾಸವಿದ್ದರೆ ಯಾವುದೋ ಬೇರೆ ದೇಶದ ಸಮಯಕ್ಕೆ ಇಟ್ಟಿರುತ್ತಾರೆ. ಕೆಲವೇ ನಿಮಿಷ ಮುಂದಿದ್ದು, ದಿನಾ ಅಷ್ಟೇ ಮುಂದಿದ್ದರೆ ಮಾತ್ರ ಯಾರೋ ಕೈಯಾಡಿಸಿದ್ದಾರೆ ಎಂದೇ ತಿಳಿಯಿರಿ. ಸೆಲ್ ಸತ್ತ ಯಂತ್ರ ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಓಡುವುದಿಲ್ಲ.

ಹೀಗೆ ಬರೆದರೆ ಸುಲಭವಾಗಿ ಕಾಣುತ್ತದೆ. ಇದನ್ನು ಗಟ್ಟಿಯಾಗಿ ಕಲಿಯುವ ಹೊತ್ತಿಗೆ ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ವಿಜಯನಗರದ ಅಡ್ಡರಸ್ತೆಯಲ್ಲಿದ್ದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೆ, ಈ ಕಸುಬಿಗೆ ಹೊಸದಾಗಿ ಬರುವವರು ಫೋನ್ ಮಾಡಿ, "ಅಂಕಲ್, ಯಾವ ಕೋರ್ಸ್ ಮಾಡ್ಬೇಕು?" ಎಂದು ಕೇಳುತ್ತಾರೆ. ಕೋರ್ಸ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೌಂಟರಿನ ಆಚೆ ನಿಂತವರು ಯಾವ ಮಾತನ್ನು ನುಂಗಿಕೊಂಡಿದ್ದಾರೆ ಎಂಬುದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ನನಗೆ ಅದನ್ನು ಹೇಳಿಕೊಟ್ಟವರು ಸುಬ್ಬಣ್ಣ. ರಾಜಾಜಿನಗರದಲ್ಲಿ ಅವರದು ರೇಡಿಯೊ, ಟೀವಿ ರಿಪೇರಿ ಅಂಗಡಿ. ಓದು ತಲೆಗೆ ಹತ್ತದೆ ನಾನು ಅಲ್ಲಿಗೆ ಸೇರಿಕೊಂಡೆ. ರಿಪೇರಿಗೆ ಬಂದ ಪ್ರತಿ ಸೆಟ್ಟಿನ ಒಳಗೂ ಸುಬ್ಬಣ್ಣ ತಮ್ಮ ಹೆಂಡತಿಯ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡುತ್ತಿದ್ದರು. "ನಾಳೆ ಬಂದು ಪಾರ್ಟ್ ಬದಲಾಯಿಸಿಬಿಟ್ರಿ ಅಂತ ಜಗಳ ತೆಗೀತಾರೆ ಕಣೋ. ಆಗ ಈ ಚುಕ್ಕೆ ತೋರಿಸ್ಬೇಕು" ಎನ್ನುತ್ತಿದ್ದರು. ಒಂದು ದಿನ ನಾನು ಬಿಚ್ಚಿದ ಟೀವಿಯೊಳಗೆ ಆಗಲೇ ಒಂದು ಹಸಿರು ಚುಕ್ಕೆ ಇತ್ತು.

"ಇದ್ಯಾರದು ಸಾರ್?" ಎಂದೆ.

ಸುಬ್ಬಣ್ಣ ಕನ್ನಡಕ ಏರಿಸಿ ನೋಡಿದರು. "ಗಿರಾಕೀದು. ಅವನಿಗೂ ನಮ್ಮ ಮೇಲೆ ಡೌಟು. ಸರಿಹೋಯ್ತು ಬಿಡು, ಇಬ್ರೂ ಸೇಫು" ಎಂದು ಅದರ ಪಕ್ಕದಲ್ಲೇ ಕೆಂಪು ಚುಕ್ಕೆ ಇಟ್ಟರು.

ಅವರದು ಇನ್ನೊಂದು ಅಭ್ಯಾಸ. ಕೆಲಸ ಮುಗಿದ ಮೇಲೆ ಸೆಟ್ಟನ್ನು ಬಟ್ಟೆಯಿಂದ ಒರೆಸಿ, ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೇಜನ್ನು ಎರಡು ಸಲ ಮೆಲ್ಲಗೆ ತಟ್ಟುವುದು. ಏಕೆಂದು ಕೇಳಿದ್ದಕ್ಕೆ, "ಇನ್ನು ವಾಪಸ್ ಬರ್ಬೇಡ ಅಂತ ಹೇಳೋದು" ಎಂದಿದ್ದರು. ಟೀವಿ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರ್ ಹೋಗಿ ಲ್ಯಾಪ್‌ಟಾಪ್ ಬಂತು. ಸುಬ್ಬಣ್ಣನವರ ಅನುಮಾನ, ಒರೆಸಿ ಕಣ್ಣಿಗೊತ್ತಿ ಎರಡು ಸಲ ತಟ್ಟುವುದು, ಇವೆರಡೂ ನನ್ನ ಕೈಗೆ ಅಂಟಿಕೊಂಡು ಉಳಿದವು.

ಅನುಮಾನ ಎಷ್ಟು ಸಲ ನನ್ನನ್ನು ಕಾಪಾಡಿದೆ ಎಂದರೆ, ಅದನ್ನು ಬಿಡಿ ಎಂದು ನಿಮಗೆ ಹೇಳುವ ಮನಸ್ಸು ಈಗಲೂ ಬರುವುದಿಲ್ಲ. ಒಮ್ಮೆ ಉಲ್ಲಾಳದ ಕಡೆಯಿಂದ ಒಬ್ಬ ತಂದೆ ಮಗಳ ಲ್ಯಾಪ್‌ಟಾಪ್ ತಂದರು. ತಾರೀಕು ಪದೇ ಪದೇ ಒಂದು ತಿಂಗಳು ಹಿಂದೆ ಹೋಗುತ್ತದೆ, ಸೆಲ್ ಹಾಕಿಬಿಡಿ, ರೇಟ್ ಮಾತ್ರ ನೋಡಿಕೊಂಡು ಹೇಳಿ ಎಂದರು. ಸೆಲ್ ಅಳೆದರೆ ಚೆನ್ನಾಗಿದೆ. ತಂದೆಯ ಹಿಂದೆ ನಿಂತಿದ್ದ ಮಗಳು, ಕಟ್ಟಡಗಳ ನಕ್ಷೆ ಬರೆಯುವ ಓದು ಓದುತ್ತಿದ್ದವಳು, ನನ್ನತ್ತ ನೋಡಿ ಕಣ್ಣಲ್ಲೇ ಬೇಡಿಕೊಂಡಳು. ನನಗೆ ತಿಳಿದುಹೋಯಿತು. ನಕ್ಷೆಯ ಸಾಫ್ಟ್‌ವೇರನ್ನು ಒಂದು ತಿಂಗಳು ಪುಕ್ಕಟೆ ಕೊಡುತ್ತಾರೆ. ತಿಂಗಳು ಮುಗಿಯದಂತೆ ಅವಳು ತಾರೀಕನ್ನು ಹಿಂದಕ್ಕೆ ಎಳೆದು ಎಳೆದು ಇಡುತ್ತಿದ್ದಳು. "ಸೆಲ್ ಬೇಡ ಸಾರ್, ಸಾಫ್ಟ್‌ವೇರ್ ಕಡೆ ತೊಂದ್ರೆ, ನಾನು ಮಗಳಿಗೇ ಹೇಳಿಕೊಡ್ತೀನಿ" ಎಂದೆ. ಆ ಹುಡುಗಿ ಆಮೇಲೆ ತನ್ನ ಅರ್ಧ ಕ್ಲಾಸನ್ನೇ ನನ್ನ ಅಂಗಡಿಗೆ ಕರೆತಂದಳು. ಗುಟ್ಟು ಕಾಯುವುದೂ ವ್ಯಾಪಾರವೇ, ನೆನಪಿಡಿ.

ಮಲ್ಲತ್ತಹಳ್ಳಿಯ ಒಬ್ಬರು ಹೊರದೇಶದಿಂದ ಬಂದಿದ್ದರು. ಅವರ ಲ್ಯಾಪ್‌ಟಾಪ್ ಮಧ್ಯಾಹ್ನವನ್ನು ಬೆಳಗಿನ ಜಾವ ಎನ್ನುತ್ತಿತ್ತು. ಇನ್ನಾವುದೋ ಅಂಗಡಿಯಲ್ಲಿ ಸೆಲ್ ಬದಲಾಯಿಸಿ, ಇನ್ನು ಬೋರ್ಡೇ ಬದಲಾಯಿಸಬೇಕು ಎಂದು ಹೆದರಿಸಿ ಕಳಿಸಿದ್ದರು. ನಾನು ಸಮಯದ ಸೆಟ್ಟಿಂಗಿನಲ್ಲಿದ್ದ ಆ ದೇಶದ ಹೆಸರನ್ನು ಭಾರತಕ್ಕೆ ಬದಲಾಯಿಸಿದೆ, ಅಷ್ಟೇ. ಆದರೆ ತಕ್ಷಣ ಕೊಡಲಿಲ್ಲ, ಸಂಜೆ ಬನ್ನಿ ಎಂದೆ. ಕಣ್ಣೆದುರಿಗೆ ಎರಡು ಗುಂಡಿ ಒತ್ತಿ ಕೊಟ್ಟರೆ ಚಾರ್ಜ್ ಕೊಡುವಾಗ ಮುಖ ಹುಳ್ಳಗಾಗುತ್ತದೆ. ಇದು ಸರಿಯೇ ಎಂದು ಕೇಳಬೇಡಿ, ಬಾಡಿಗೆ ಅಂಗಡಿ ಇಟ್ಟು ನೋಡಿ.

ಇನ್ನು ವಿಧಾನಗಳ ಮಾತು. ಹಿಂದೆ ಡಬ್ಬದಂಥ ಕಂಪ್ಯೂಟರಿನಲ್ಲಿ ನಾಣ್ಯದ ಗಾತ್ರದ ಸೆಲ್ ಕಣ್ಣಿಗೆ ಕಾಣುವಂತೆ ಕೂತಿರುತ್ತಿತ್ತು, ಉಗುರಿನಿಂದ ಎಬ್ಬಿಸಿ ತೆಗೆಯಬಹುದಿತ್ತು. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ವೈರು ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಎಲ್ಲೋ ಮೂಲೆಯಲ್ಲಿ ಅಡಗಿಸಿಟ್ಟಿರುತ್ತಾರೆ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಅದು ಇರುವುದೇ ಇಲ್ಲ, ದೊಡ್ಡ ಬ್ಯಾಟರಿಯೇ ಆ ಕೆಲಸವನ್ನೂ ನೋಡಿಕೊಳ್ಳುತ್ತದೆ. ಇಂಟರ್‌ನೆಟ್ ಸಿಕ್ಕ ಕೂಡಲೇ ಯಂತ್ರ ತಾನಾಗಿಯೇ ಸರಿಯಾದ ಸಮಯ ಕೇಳಿ ಹೊಂದಿಸಿಕೊಳ್ಳುತ್ತದೆ. ಅದಕ್ಕೊಂದು ಸ್ವಿಚ್ ಇದೆ, ಸ್ಕ್ರೀನಿನ ಮೇಲೆಯೇ. ಈ ಸ್ವಿಚ್ಚನ್ನು ಮರೆಯಬೇಡಿ, ನಾನು ಹೇಳಹೊರಟಿರುವ ಕತೆಯೆಲ್ಲ ಅದರ ಸುತ್ತಲೇ ಇದೆ.

ರೂಪಾ ಎಂಬ ಹೆಣ್ಣುಮಗಳು ಮಾರೇನಹಳ್ಳಿಯಿಂದ ನನ್ನ ಅಂಗಡಿಗೆ ಬಂದದ್ದು ಒಂದು ಮಂಗಳವಾರ. ಜೊತೆಗೆ ಮಾವ ಗಂಗಾಧರಯ್ಯನವರು. ಮಾಗಡಿ ರಸ್ತೆ ಕಡೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಸ್ತ್ರಿ ಹಾಕಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಪೆನ್ನು. ಲ್ಯಾಪ್‌ಟಾಪ್ ಹಳೆಯದು. ಆನ್ ಮಾಡಿದರೆ ಯಾವುದೋ ಕಾಲದ ತಾರೀಕು ತೋರಿಸುತ್ತಿತ್ತು. ತಾರೀಕು ಅಷ್ಟು ತಪ್ಪಿದರೆ ವೆಬ್‌ಸೈಟುಗಳು ತೆರೆಯುವುದಿಲ್ಲ.

"ಅರ್ಜೆಂಟ್ ಸಾರ್. ನಂದು ವರ್ಕ್ ಫ್ರಮ್ ಹೋಮು. ಬಸವೇಶ್ವರನಗರದಲ್ಲಿ ಅಕೌಂಟ್ಸ್ ಆಫೀಸು. ಲ್ಯಾಪ್‌ಟಾಪ್ ನಮ್ದೇ, ಅವರು ಕೊಡಲ್ಲ. ಇದಿಲ್ದಿದ್ರೆ ಅವತ್ತಿನ ಹಾಜರಿ ಇಲ್ಲ" ಎಂದರು ರೂಪಾ. ಮನೆಯಲ್ಲಿ ಚಿಕ್ಕ ಮಗು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುವವರು. ಮನೆ ಬಿಟ್ಟು ಕದಲದೆ ಮಾಡಬಹುದಾದ ಕೆಲಸ ಆಕೆಗೆ ಸಿಕ್ಕಿದ್ದೇ ಇದೊಂದು.

ಹಿಂದೆ ಬಿದ್ದ ಗಡಿಯಾರ, ಸೆಲ್ಲಿನ ದೋಷ, ಅನುಮಾನವೇ ಇರಲಿಲ್ಲ. ಬಿಚ್ಚಿ ಹೊಸದು ಹಾಕಿದೆ. ರಸ್ತೆ ಅಗೆದು ಕೇಬಲ್ ಕಡಿದುಹಾಕಿದ್ದರಿಂದ ಅವತ್ತು ಅಂಗಡಿಯಲ್ಲಿ ನೆಟ್ ಇರಲಿಲ್ಲ. ತಾನಾಗಿ ಹೊಂದಿಸಿಕೊಳ್ಳುವ ಸ್ವಿಚ್ಚನ್ನು ಆಫ್ ಮಾಡಿ, ಕೈಯಿಂದಲೇ ಟೈಮ್ ಇಟ್ಟು, ಮತ್ತೆ ಆನ್ ಮಾಡಿದೆ. ಅಷ್ಟು ಹೊತ್ತೂ ಗಂಗಾಧರಯ್ಯನವರು ಕೌಂಟರಿನ ಮೇಲೆ ಬಗ್ಗಿ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಈಗ ಅದೇನು ಒತ್ತಿದ್ರಿ?"

"ಟೈಮ್ ಇಡೋ ಜಾಗ ಯಜಮಾನ್ರೇ."

"ಅದಕ್ಕೂ ಮುಂಚೆ ಒಂದು ಸ್ವಿಚ್ ಆಫ್ ಮಾಡಿದ್ರಲ್ಲ?"

"ಅದು ಆಫ್ ಮಾಡದೆ ಕೈಯಿಂದ ಇಡೋಕಾಗಲ್ಲ."

"ಇನ್ನೊಂದ್ಸಲ ತೋರ್ಸಿ."

ಇವರು ಪಾರ್ಟ್ ಕಾಯಲು ಬಂದಿದ್ದಾರೆ ಎಂದುಕೊಂಡೆ. ಅಂಥವರನ್ನು ಎಷ್ಟು ಜನರನ್ನು ನೋಡಿಲ್ಲ! ನಾವು ಒಳಗಿನ ಮೆಮೊರಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇವೆ ಎಂದು ಯಾರೋ ಅವರ ಕಿವಿ ತುಂಬಿರುತ್ತಾರೆ. "ಕೂತ್ಕೊಳ್ಳಿ ಯಜಮಾನ್ರೇ, ನಿಮ್ಮ ಪಾರ್ಟ್ ಎಲ್ಲೂ ಹೋಗಲ್ಲ" ಎಂದೆ.

"ಪಾರ್ಟ್ ಹೋದ್ರೆ ನೀವೆಲ್ಲಿ ಹೋಗ್ತೀರಿ ಬಿಡಿ, ಅಂಗಡಿ ಇಲ್ಲೇ ಇದೆಯಲ್ಲ" ಎಂದು ಅವರು ನಿಂತೇ ಇದ್ದರು. ನನಗೆ ಮೈ ಉರಿಯಿತು. ಲ್ಯಾಪ್‌ಟಾಪ್ ಒರೆಸಿ, ಕಣ್ಣಿಗೊತ್ತಿಕೊಂಡು, ಮೇಜು ತಟ್ಟಿ ಕೊಟ್ಟು ಕಳಿಸಿದೆ.

ವಾಪಸ್ ಬಂತು. ಈ ಸಲ ರೂಪಾ ಒಬ್ಬರೇ ತಂದಿದ್ದರು.

"ಸಾರ್, ನೀವು ಸೆಲ್ ಹಾಕಿದ ಮೇಲೇ ಹೀಗಾಗಿದ್ದು. ಮುಂಚೆ ಹಿಂದೆ ಹೋಗ್ತಿತ್ತು, ಈಗ ಕಾಲು ಗಂಟೆ ಮುಂದೆ ಹೋಗ್ತಿದೆ. ದಿನಾ ಬೆಳಿಗ್ಗೆ ಆ ಸ್ವಿಚ್ ಆನ್ ಮಾಡಿ ನಾನೇ ಸರಿ ಮಾಡ್ಕೊಳ್ತೀನಿ. ಮಾರನೇ ದಿನ ನೋಡಿದ್ರೆ ಸ್ವಿಚ್ ಆಫ್, ಟೈಮು ಮುಂದೆ."

ಸ್ವಿಚ್ ತಾನಾಗಿ ಆಫ್ ಆಗುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ಮೊದಲು ಅನುಮಾನಪಟ್ಟದ್ದು ಸೆಲ್ ಕೊಟ್ಟ ವ್ಯಾಪಾರಿಯನ್ನು. ಅವನು ಹೊಸ ಕಾಗದದಲ್ಲಿ ಹಳೆ ಸೆಲ್ ಸುತ್ತಿ ಕೊಡುತ್ತಾನೆ ಎಂದು ನನಗೆ ಮೊದಲಿಂದಲೂ ಒಂದು ಗುಮಾನಿ. ಪೇಟೆಗೆ ಹೋಗಿ ಅವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೂಗಾಡಿದೆ. ಅವನು ಮೀಟರ್ ಹಚ್ಚಿ ಒಂದೊಂದೇ ಸೆಲ್ ಅಳೆದು ತೋರಿಸಿ, "ಅಣ್ಣಾ, ನಿಮ್ಗೆ ನಿಮ್ಮ ನೆರಳಿನ ಮೇಲೂ ಡೌಟಾ?" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಷ್ಟಕ್ಕೂ ಸುಮ್ಮನಾಗದೆ, ಮರ್ಯಾದೆ ಹೋದದ್ದಕ್ಕೆ ಪರಿಹಾರವೆಂದು ಇನ್ನೊಂದು ಸೆಲ್ ಚೌಕಾಸಿ ಮಾಡಿ ಈಸಿಕೊಂಡು ಬಂದೆ.

ಆ ಸೆಲ್ ಹಾಕಿ ಕೊಟ್ಟ ಮೇಲೂ ಅದೇ ದೂರು. ಈ ಸಲ ರೂಪಾರ ಮುಖ ಬಾಡಿತ್ತು. ಆಫೀಸಿನವರು ಕರೆದು ಕೇಳಿದ್ದರಂತೆ. ಆಕೆ ಕೆಲಸ ಶುರು ಮಾಡಿದಾಗ, ಮುಗಿಸಿದಾಗ ಲ್ಯಾಪ್‌ಟಾಪಿನ ಗಡಿಯಾರದ ಸಮಯವೇ ಹಾಜರಿಯಾಗಿ ಆಫೀಸಿಗೆ ಹೋಗುತ್ತದೆ.

"ಬೆಳಿಗ್ಗೆ ಅವರ ಟೈಮು, ನನ್ನ ಟೈಮು ಒಂದೇ ಇರತ್ತೆ ಸಾರ್. ಸಂಜೆ ನನ್ನ ಲ್ಯಾಪ್‌ಟಾಪ್ ಆರು ಗಂಟೆ ಅಂದಾಗ ನಾನು ಮುಗಿಸ್ತೀನಿ. ಅವರಲ್ಲಿ ಆಗ ಐದೂ ಮುಕ್ಕಾಲು. ದಿನಾ ಕಾಲು ಗಂಟೆ ಕದೀತಿದೀಯಾ, ಬೇಕಂತ ಟೈಮ್ ಮುಂದೆ ಇಟ್ಟು ಬೇಗ ಕೆಲಸ ಬಿಟ್ಟು ಏಳ್ತಿದೀಯಾ ಅಂತಾರೆ. ಶನಿವಾರ ಬಂದು ಕಾರಣ ಹೇಳ್ಬೇಕಂತೆ, ಇಲ್ದಿದ್ರೆ ಕೆಲಸದಿಂದ ತೆಗೀತಾರಂತೆ." ಕೌಂಟರಿನತ್ತ ಬಾಗಿ ಹೇಳಿದರು: "ಮಷೀನ್‌ನಲ್ಲೇ ಫಾಲ್ಟ್ ಇದೆ ಅಂತ ನಿಮ್ಮ ಅಂಗಡಿ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಸಾರ್."

ಲೆಟರ್‌ಹೆಡ್ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಓಹೋ, ಇದಕ್ಕಾಗಿಯೇ ಇಷ್ಟು ಸಲ ಬಂದಿರುವುದು! ಬೆಳಿಗ್ಗೆ ಸರಿ, ಸಂಜೆ ಮುಂದೆ, ಅದೂ ಅಳೆದಿಟ್ಟಂತೆ ಕಾಲು ಗಂಟೆ. ಬೇಗ ಕೆಲಸ ಬಿಟ್ಟು ಏಳುವವರಿಗೆ ಇದಕ್ಕಿಂತ ಅನುಕೂಲ ಯಾವುದಿದೆ? "ಒಂದು ದಿನ ಲ್ಯಾಪ್‌ಟಾಪ್ ನನ್ನ ಹತ್ರ ಇರ್ಲಿ. ನನ್ನದೊಂದು ಸ್ಪೇರ್ ಕೊಡ್ತೀನಿ, ಅದ್ರಲ್ಲಿ ಕೆಲಸ ಮಾಡಿ" ಎಂದೆ. ಆ ಸ್ಪೇರಿನ ಗಡಿಯಾರ ಎಂದೂ ತಪ್ಪಿದ್ದಲ್ಲ.

ಮಾರನೇ ದಿನ ನೋಡಿದರೆ ನನ್ನ ಅಂಗಡಿಯಲ್ಲಿದ್ದ ರೂಪಾರ ಲ್ಯಾಪ್‌ಟಾಪ್ ಕರಾರುವಾಕ್ಕಾಗಿತ್ತು. ಅವರ ಮನೆಗೆ ಹೋಗಿ ಬಂದ ನನ್ನ ಸ್ಪೇರು ಕಾಲು ಗಂಟೆ ಮುಂದಿತ್ತು. ಇನ್ನೇನು ಬೇಕು? ಲ್ಯಾಪ್‌ಟಾಪ್ ಬೇರೆ, ಮನೆ ಅದೇ.

"ನೋಡಮ್ಮಾ, ನಾನು ಪೊಲೀಸ್ ಅಲ್ಲ. ಆದ್ರೆ ಸುಳ್ಳು ಬರೆದುಕೊಡೋಕಾಗಲ್ಲ. ಇದು ಮಷೀನ್ ಮಾಡಿದ್ದಲ್ಲ, ಕೈ ಮಾಡಿದ್ದು" ಎಂದೆ.

ಆಕೆ ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ, ಉರಿದುಬಿದ್ದರು. "ನನ್ನ ಕೈ ಅಂತ ತಾನೇ ನೀವು ಹೇಳೋದು? ನಾನೇ ಕದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸಾರ್? ಸುಮ್ನೆ ಟೈಮ್ ಸರಿ ಇಟ್ಕೊಂಡು ಇರ್ತಿದ್ದೆ. ಮನೇಗೇ ಬನ್ನಿ, ದಿನವೆಲ್ಲಾ ಕೂತ್ಕೊಂಡು ನೋಡಿ. ಕಾಫಿ ಕೊಡ್ತೀನಿ."

ಮಾತಿನಲ್ಲಿ ಹುರುಳಿತ್ತು. ಆದರೂ ನನ್ನ ಅನುಮಾನ ಇಳಿಯಲಿಲ್ಲ. ಅದನ್ನೂ ಜೊತೆಗೆ ಕಟ್ಟಿಕೊಂಡೇ ಶುಕ್ರವಾರ ಅಂಗಡಿಗೆ ಬೀಗ ಹಾಕಿ ಮಾರೇನಹಳ್ಳಿಗೆ ಹೋದೆ.

ಮೊದಲ ಮಹಡಿಯಲ್ಲಿ ಪುಟ್ಟ ಮನೆ. ರೂಪಾ ಒಳಕೋಣೆಯಲ್ಲಿ ಬಾಗಿಲು ತೆರೆದುಕೊಂಡೇ ಕೆಲಸ ಮಾಡುತ್ತಿದ್ದರು. ಹಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಆಕೆಯ ಸ್ಕ್ರೀನ್ ಕಾಣುವಂತೆ ಕೂತೆ. ಗಂಗಾಧರಯ್ಯನವರು ಎದುರಿನ ಮಂಚದ ಮೇಲೆ ಪೇಪರ್ ಹಿಡಿದು ಕೂತು, ಪೇಪರಿನ ಮೇಲಿಂದ ನನ್ನನ್ನು ಕಾಯುತ್ತಿದ್ದರು. ನಾನು ಅವರ ಸೊಸೆಯನ್ನು ಕಾಯುತ್ತಿದ್ದೆ. ಹೊಸ ಕೆಲಸಕ್ಕೆ ಹೋದ ಮನೆಯಲ್ಲಿ ಫೋನ್ ತೆಗೆದು ಗೋಡೆ ಗಡಿಯಾರದೊಂದಿಗೆ ಹೋಲಿಸುವುದು ನನ್ನ ಚಟ. ಹೋಲಿಸಿದೆ. ಹಾಲಿನ ಗಡಿಯಾರ ಕಾಲು ಗಂಟೆ ಮುಂದಿತ್ತು. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಇಣುಕಿದೆ. ಅಲ್ಲಿನದೂ ಕಾಲು ಗಂಟೆ ಮುಂದೆ. ದೇವರ ಗೂಡಿನ ಪಕ್ಕದ ಅಲಾರಮ್ಮೂ ಅಷ್ಟೇ.

"ಗಡಿಯಾರಗಳೆಲ್ಲಾ ಮುಂದಿವೆಯಲ್ಲ ಯಜಮಾನ್ರೇ?"

"ಮನೆ ಗಡಿಯಾರ ಅಂದ್ಮೇಲೆ ಮುಂದೇ ಇರ್ಬೇಕು" ಎಂದರು, ಪೇಪರ್ ಇಳಿಸದೆ.

ಒಳಗಿನಿಂದ ರೂಪಾ ನಕ್ಕರು. "ಅದು ನಮ್ಮ ಮಾವನ ಟೈಮು ಸಾರ್. ನಾನು ಮದುವೆಯಾಗಿ ಬಂದಾಗಿಂದ ಹಾಗೇ. ಅಭ್ಯಾಸ ಆಗೋಗಿದೆ, ನಾವ್ಯಾರೂ ಅದನ್ನ ನೋಡೋದೇ ಇಲ್ಲ."

ಅಷ್ಟರಲ್ಲಿ ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹಾಕಿತು. ಮಗುವನ್ನು ಕರೆತರಲು ರೂಪಾ ಲ್ಯಾಪ್‌ಟಾಪನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿ ಇಳಿದುಹೋದರು. ಗಂಗಾಧರಯ್ಯನವರು ಪೇಪರ್ ಮಡಿಸಿಟ್ಟರು. ಎದ್ದು ಕೈ ತೊಳೆದರು, ಹೆಗಲ ಟವೆಲಿನಿಂದ ಒರೆಸಿಕೊಂಡರು. ನೇರವಾಗಿ ಒಳಗೆ ಹೋಗಿ ಸೊಸೆಯ ಕುರ್ಚಿಯಲ್ಲಿ ಕೂತರು. ಕದ್ದುಮುಚ್ಚಿ ಅಲ್ಲ, ನನ್ನ ಕಣ್ಣೆದುರಿಗೇ. ತೋರುಬೆರಳಿನಿಂದ ಹುಡುಕಿ ಹುಡುಕಿ ಆ ಸ್ವಿಚ್ಚನ್ನು ಆಫ್ ಮಾಡಿದರು. ಹಾಲಿನ ಗಡಿಯಾರದತ್ತ ಕತ್ತು ಹೊರಳಿಸಿ ನೋಡಿ ಅಷ್ಟೇ ಟೈಮ್ ಇಟ್ಟರು. ಆಮೇಲೆ ಟವೆಲಿನ ತುದಿಯಿಂದ ಲ್ಯಾಪ್‌ಟಾಪ್ ಒರೆಸಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ಮೇಜನ್ನು ಎರಡು ಸಲ ತಟ್ಟಿದರು.

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಕೌಂಟರಿನ ಮೇಲೆ ಬಗ್ಗಿ ನಿಂತಿದ್ದ ಮನುಷ್ಯ ಪಾರ್ಟ್ ಕಾಯುತ್ತಿರಲಿಲ್ಲ, ಪಾಠ ಕಲಿಯುತ್ತಿದ್ದರು.

"ಏನ್ ಮಾಡಿದ್ರಿ ಯಜಮಾನ್ರೇ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಗೆ ಹೇಳ್ಬಾರ್ದು ಅಂತಿದ್ದೆ. ನೀವು ಹಾಕಿದ ಸೆಲ್ಲು ಸರಿ ಇಲ್ಲ ಸ್ವಾಮಿ. ದಿನಾ ಹಿಂದಕ್ಕೆ ಬೀಳ್ತದೆ. ನಾನೇ ಮಧ್ಯಾಹ್ನ ಸರಿ ಮಾಡಿಡ್ತೀನಿ. ಸೊಸೆಗೆ ಹೇಳಿಲ್ಲ. ಪಾಪ, ಅಂಗಡಿಯವರ ಮರ್ಯಾದೆ ಯಾಕೆ ತೆಗೀಬೇಕು ಅಂತ."

ಬೆಳಿಗ್ಗೆ ಸೊಸೆ ಸರಿ ಮಾಡುವುದು, ಮಧ್ಯಾಹ್ನ ಮಾವ ಸರಿ ಮಾಡುವುದು. ಒಂದೇ ಸೂರಿನ ಕೆಳಗೆ ಇಬ್ಬರೂ ಮಾತಿಲ್ಲದೆ ನನ್ನ ಸೆಲ್ಲನ್ನು ಬೈದುಕೊಂಡಿದ್ದರು.

"ಅಲ್ಲ, ಯಾಕೆ ಮುಂದೆ ಇಡ್ಬೇಕು?"

"ನೀವು ಮಿಲ್ಲಲ್ಲಿ ಕೆಲಸ ಮಾಡಿಲ್ಲ, ಅದಕ್ಕೇ ಕೇಳ್ತೀರಿ. ಸೈರನ್ ನಿಂತ್ಮೇಲೆ ಗೇಟ್ ಹಾಕ್ಬಿಡೋರು. ಒಂದು ಕಾಲು ಒಳಗೆ ಇದ್ರೂ ಬಿಡ್ತಿರ್ಲಿಲ್ಲ. ಅವತ್ತಿನ ಹಾಜರಿ ಹೋಯ್ತು. ನಮ್ಮ ಮಿಲ್ ಕ್ವಾರ್ಟರ್ಸ್ ಲೈನಲ್ಲಿ ಯಾರ ಮನೆ ಗಡಿಯಾರಾನೂ ಸರಿ ಇರ್ತಿರ್ಲಿಲ್ಲ, ಎಲ್ಲಾ ಮುಂದೇನೆ. ಈ ಹುಡುಗಿ ವ್ಯಾನ್ ಹತ್ರ ಹೋದ್ರೆ ಮಾತಾಡ್ಕೊಂಡು ನಿಂತ್ಬಿಡ್ತಾಳೆ. ಮಧ್ಯಾಹ್ನದ ಪಾಳಿಗೆ ಲೇಟಾದ್ರೆ ಇವಳ ಆಫೀಸಲ್ಲೂ ಗೇಟ್ ಹಾಕಲ್ವಾ?"

ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ರೂಪಾ ಕೊನೆಯ ಮಾತನ್ನು ಕೇಳಿಸಿಕೊಂಡರು. ಕುರ್ಚಿಯಲ್ಲಿ ಕೂತ ಮಾವನನ್ನು ನೋಡಿದರು, ಸ್ಕ್ರೀನ್ ನೋಡಿದರು.

"ಮಾವಾ, ನೀವಾ?"

"ನಾನೇ ಕಣಮ್ಮ. ಯಾಕೆ?"

"ಅದಕ್ಕೇ ನನ್ನನ್ನ ಕಳ್ಳಿ ಅಂತಿದಾರೆ ಮಾವ. ನಾಳೆ ಕೆಲಸದಿಂದ ತೆಗೀತಾರೆ."

ಸೊಸೆ ಆಫೀಸಿನ ಸಂಗತಿಯನ್ನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮುದುಕರಿಗೆ ಯಾಕೆ ಚಿಂತೆ ಎಂದು ಆಕೆ ಸುಮ್ಮನಿದ್ದರು. ಅಂಗಡಿಯವನಿಗೆ ಯಾಕೆ ಅವಮಾನ ಎಂದು ಇವರು ಸುಮ್ಮನಿದ್ದರು. ಗಂಗಾಧರಯ್ಯನವರು ಕುರ್ಚಿಯಿಂದ ಎದ್ದರು. ಎದ್ದವರಿಗೆ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಟವೆಲನ್ನು ಹಿಂಡುತ್ತಾ ನಿಂತರು. "ನಿನ್ನ ಹಾಜರಿ ಹೋಗ್ಬಾರ್ದು ಅಂತಲೇ..." ಎಂದರು. ರೂಪಾ ಒಳಗೆ ಹೋಗಿ, ಮಗುವಿಗೆ ಬಡಿಸುವ ತಟ್ಟೆಯನ್ನು ಜೋರಾಗಿಯೇ ಇಟ್ಟರು.

ಇಂಥ ಹೊತ್ತಿನಲ್ಲಿ ಉಪದೇಶ ಮಾಡಬೇಡಿ, ವ್ಯಾಪಾರ ಮಾಡಿ. ನಾನು ಗಂಗಾಧರಯ್ಯನವರನ್ನು ಮಂಚದ ಮೇಲೆ ಕೂರಿಸಿ ಮಾತಿಗೆ ಇಳಿದೆ.

"ಯಜಮಾನ್ರೇ, ಇನ್ಮೇಲೆ ಲ್ಯಾಪ್‌ಟಾಪ್ ಮುಟ್ಟಬಾರ್ದು."

"ಐದು ನಿಮಿಷ ಮುಂದಿಟ್ಟರೆ?"

"ಒಂದು ನಿಮಿಷವೂ ಇಲ್ಲ."

"ಎರಡು?"

"ಹಾಲ್, ಅಡುಗೆಮನೆ, ದೇವರ ಗೂಡು, ಮೂರೂ ಗಡಿಯಾರ ನಿಮ್ದೇ. ಅರ್ಧ ಗಂಟೆ ಮುಂದಿಟ್ಕೊಳ್ಳಿ, ಯಾರೂ ಕೇಳಲ್ಲ. ಆದ್ರೆ ಲ್ಯಾಪ್‌ಟಾಪಲ್ಲಿರೋದು ಆಫೀಸ್ ಗಡಿಯಾರ, ಮನೇದಲ್ಲ."

ಆಫೀಸಿನದು ಎಂದದ್ದು ಅವರಿಗೆ ನಾಟಿತು. ಮಿಲ್ಲಿನ ಗಡಿಯಾರವನ್ನು ಅವರು ಮುಟ್ಟಿದ್ದುಂಟೇ? ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ನಾಳೆ ಆಫೀಸಿಗೆ ನಾನೂ ಬರ್ತೀನಿ. ಮಾಡಿದವನು ನಾನು, ಅವಳು ಯಾಕೆ ಹೇಳ್ಬೇಕು?"

ಶನಿವಾರ ಆಟೋದಲ್ಲಿ ಮೂವರೂ ಬಸವೇಶ್ವರನಗರಕ್ಕೆ ಹೋದೆವು. ಗಂಗಾಧರಯ್ಯನವರ ಟೈಮಿನಂತೆ ಹೊರಟಿದ್ದರಿಂದ ಆಫೀಸಿನ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದೆವು. ಮ್ಯಾನೇಜರ್ ನಲವತ್ತರ ಆಸುಪಾಸಿನವರು, ಮಾತು ಮೆತ್ತಗೆ, ಕಣ್ಣು ಚೂಪು. ಆ ಕಣ್ಣು ನನಗೆ ಪರಿಚಿತ, ನನ್ನ ಮುಖದ ಮೇಲೂ ಅಂಥದೇ ಜೋಡಿ ಇದೆ.

ನಾನು ಸೆಲ್ಲಿನಿಂದ ಹಿಡಿದು ಸ್ವಿಚ್ಚಿನವರೆಗೆ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ನೀವು ಇವರಿಗೆ ಸಂಬಂಧನಾ?" ಎಂದರು.

"ಇಲ್ಲ, ರಿಪೇರಿ ಅಂಗಡಿ."

"ರಿಪೇರಿಯವರು ಶನಿವಾರ ಅಂಗಡಿ ಬಿಟ್ಟು ಗಿರಾಕಿ ಪರವಾಗಿ ಯಾಕೆ ಬರ್ತಾರೆ? ಅದೇ ನಂಗೆ ಡೌಟು." ಆ ಪ್ರಶ್ನೆಯನ್ನು ನಾನಾಗಿದ್ದರೂ ಕೇಳುತ್ತಿದ್ದೆ. ಅವರು ರೂಪಾ ಕಡೆ ತಿರುಗಿದರು. "ಮೇಡಂ, ಸಿಕ್ಕಿಬಿದ್ದಾಗ ಎಲ್ಲಾರೂ ಮನೆಯವರ ಮೇಲೆ ಹಾಕ್ತಾರೆ. ಇಷ್ಟು ವಯಸ್ಸಾದವರು ಕಂಪ್ಯೂಟರ್ ಟೈಮ್ ಚೇಂಜ್ ಮಾಡ್ತಾರೆ ಅಂದ್ರೆ ಯಾರು ನಂಬ್ತಾರೆ ಹೇಳಿ?"

ರೂಪಾ ತಲೆ ತಗ್ಗಿಸಿದರು. ಗಂಗಾಧರಯ್ಯನವರು ಮಾತ್ರ ಎದ್ದು ನಿಂತು, "ಕೈ ತೊಳೆಯೋ ಜಾಗ ಎಲ್ಲಿದೆ?" ಎಂದು ಕೇಳಿದರು.

ಹೋಗಿ ಬಂದು, "ನಿಮ್ಮ ಮಷೀನ್ ಕೊಡಿ, ಮಾಡಿ ತೋರಿಸ್ತೀನಿ" ಎಂದು, ಮ್ಯಾನೇಜರ್ ತಮ್ಮ ಮೇಜಿನ ಲ್ಯಾಪ್‌ಟಾಪನ್ನು ಇತ್ತ ತಿರುಗಿಸುವವರೆಗೂ ಕಾದರು. ಬೆರಳಿನಿಂದ ಹುಡುಕಿ ಹುಡುಕಿ ಅದೇ ಜಾಗಕ್ಕೆ ಹೋಗಿ ಸ್ವಿಚ್ ಆಫ್ ಮಾಡಿದರು. ಟೈಮ್ ಎಷ್ಟಕ್ಕಿಡಬೇಕು ಎಂದು ಅಭ್ಯಾಸದಂತೆ ಗೋಡೆ ನೋಡಿದರು. ಅಲ್ಲಿ ಆಫೀಸಿನ ಗಡಿಯಾರವಿತ್ತು. ಅದನ್ನು ನೋಡಿ, ಸ್ಕ್ರೀನ್ ನೋಡಿ, ಅವರ ಮುಖ ಅರಳಿತು.

"ನೀವೂ ಮುಂದೇ ಇಟ್ಟಿದೀರಲ್ಲ ಸಾರ್! ಒಳ್ಳೇದು. ಆದ್ರೆ ಐದೇ ನಿಮಿಷ. ಸಾಲಲ್ಲ."

"ಅದು ಸ್ಟಾಫ್ ಲೇಟಾಗಿ ಬರ್ತಾರೆ ಅಂತ ನಾನೇ..." ಎಂದು ಶುರು ಮಾಡಿದ ಮ್ಯಾನೇಜರ್ ಅಲ್ಲಿಗೇ ನಿಂತರು. ಬಾಗಿಲ ಬಳಿ ಟೈಪ್ ಮಾಡುತ್ತಿದ್ದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗಂಗಾಧರಯ್ಯನವರು ಯಾವುದನ್ನೂ ಗಮನಿಸದೆ ಲ್ಯಾಪ್‌ಟಾಪನ್ನು ಗೋಡೆ ಗಡಿಯಾರಕ್ಕೆ ಸರಿಯಾಗಿ ಹೊಂದಿಸಿ, ಒರೆಸಿ, ಕಣ್ಣಿಗೊತ್ತಿಕೊಂಡು, ಎರಡು ಸಲ ತಟ್ಟಿದರು.

ಮ್ಯಾನೇಜರ್ ಲ್ಯಾಪ್‌ಟಾಪನ್ನು ಮತ್ತೆ ತಮ್ಮತ್ತ ತಿರುಗಿಸಿಕೊಂಡರು. ಆಮೇಲೆ ರೂಪಾಗೆ, "ಸೋಮವಾರದಿಂದ ಎಂದಿನಂತೆ ಲಾಗಿನ್ ಆಗಿ ಮೇಡಂ" ಎಂದರು. ನನ್ನ ಕಡೆ ತಿರುಗಿ, "ಟೈಮ್ ಯಾರೂ ಮುಟ್ಟದ ಹಾಗೆ ಲಾಕ್ ಹಾಕಿ ಕೊಡಿ" ಎಂದರು. ಹೊರಗೆ ಬಂದ ಮೇಲೆ ರೂಪಾ ಮಾವನ ಜೊತೆ ಹಿಂದಿನ ಮಧ್ಯಾಹ್ನದ ನಂತರ ಮೊದಲ ಸಲ ಮಾತಾಡಿದರು. "ಬಿಸಿಲು ಜಾಸ್ತಿ ಇದೆ ಮಾವ, ನೆರಳಲ್ಲಿ ನಿಂತ್ಕೊಳ್ಳಿ, ಆಟೋ ಹಿಡೀತೀನಿ."

ಈ ಕಸುಬಿಗೆ ಬರುವವರಿಗೆ ಇದರಿಂದ ನಾನು ಹೇಳುವುದು ಇಷ್ಟೇ. ಅನುಮಾನ ಇರಲಿ, ಆದರೆ ಅದನ್ನು ಗಿರಾಕಿಯ ಮುಖದ ಮೇಲೆ ಎಸೆಯುವ ಮುಂಚೆ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಯಾರು ಯಾರ ಒಳ್ಳೆಯದಕ್ಕೆ ಏನು ಕೆಡಿಸುತ್ತಿದ್ದಾರೆ ಎಂಬುದು ಕೌಂಟರಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ಮತ್ತು ಅಂಥ ಮನೆಗೆ ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಅದರಲ್ಲಿ ಕೆಲಸ ಮಾಡುವವರಿಗೆ ಬೇರೆ, ಮನೆಯ ಉಳಿದವರಿಗೆ ಬೇರೆ ಲಾಗಿನ್ ಮಾಡಿಕೊಡಿ. ಟೈಮ್ ಬದಲಾಯಿಸುವ ಅಧಿಕಾರಕ್ಕೆ ಪಾಸ್‌ವರ್ಡ್ ಹಾಕಿ.

ಹಾಗೆ ಲಾಕ್ ಹಾಕಿಸಲು ಲ್ಯಾಪ್‌ಟಾಪನ್ನು ಅಂಗಡಿಗೆ ತಂದವರು ಗಂಗಾಧರಯ್ಯನವರೇ. ಸೊಸೆ ಕೆಲಸ ಮುಗಿಸಿ ಮಗುವಿಗೆ ಊಟ ಮಾಡಿಸುತ್ತಿದ್ದಾಳೆ ಎಂದರು. ಅದೇ ಇಸ್ತ್ರಿ ಶರ್ಟು. ನಾನು ಕುರ್ಚಿ ತೋರಿಸಿದೆ. ಕೂರಲಿಲ್ಲ. ಹಿಂದಿನಂತೆಯೇ ಕೌಂಟರಿನ ಮೇಲೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ನನ್ನ ಬೆರಳುಗಳ ಮೇಲೆ ಕಣ್ಣಿಟ್ಟು ನಿಂತರು.

"ಈಗ ಅದೇನು ಒತ್ತಿದ್ರಿ?"

"ಏನಿಲ್ಲ ಯಜಮಾನ್ರೇ" ಎಂದು ಎಡಗೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದೆ.